ಸಂಪಾದಕರ ಉತ್ತರ: ಗಾಲ್‌ಸ್ಟನ್ ಅವರ ಕಾಗದಪತ್ರಗಳು

ಧಾರವಾಡದಲ್ಲಿ ಸಸ್ಯಶಾಸ್ತ್ರ ಕಲಿಸುವ ಓದುಗರೊಬ್ಬರು ಬರೆದಿದ್ದಾರೆ: "ವಿಯೆಟ್ನಾಂ ಯುದ್ಧದಲ್ಲಿ ಕಳೆನಾಶಕ ಬಳಸಿದ್ದನ್ನು ವಿರೋಧಿಸಿದ ಅಮೆರಿಕದ ಸಸ್ಯವಿಜ್ಞಾನಿ ಆರ್ಥರ್ ಗಾಲ್‌ಸ್ಟನ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಟಿಪ್ಪಣಿ ಇತ್ತು. ಏಜೆಂಟ್ ಆರೆಂಜ್ ಕಂಡುಹಿಡಿದವರೇ ಅವರು, ಪಶ್ಚಾತ್ತಾಪದಿಂದ ವಿರೋಧಿಸಿದರು ಎಂಬುದನ್ನು ನೀವು ಹೇಳಲೇ ಇಲ್ಲ. ನನ್ನ ವಿದ್ಯಾರ್ಥಿಗಳು ಅವರ ಕಾಗದಪತ್ರಗಳ ಮೇಲೆ ಪ್ರಬಂಧ ಬರೆಯಬೇಕೆಂದಿದ್ದಾರೆ. ಇಲ್ಲಿ ಕೂತು ಅದು ಆಗುವ ಕೆಲಸವೇ? ನಮ್ಮ ಕಬ್ಬಿನ ಗದ್ದೆಗೆ ಹೊಡೆಯುವ 2,4-ಡಿ ಕೂಡ ಅದೇ ವಿಷವೇ?"

ಮಾನ್ಯರೇ,

ನಾವು ಹೇಳಲಿಲ್ಲ, ಏಕೆಂದರೆ ಅದು ಸರಿಯಲ್ಲ. 1943ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧಕ್ಕಾಗಿ ಗಾಲ್‌ಸ್ಟನ್ ಕೆಲಸ ಮಾಡಿದ್ದು ಸೋಯಾಬೀನ್ ಹೂಬಿಡುವುದರ ಮೇಲೆ. ಅವರು ಬಳಸಿದ್ದು 2,3,5-ಟ್ರೈಅಯೊಡೊಬೆಂಜೋಯಿಕ್ ಆಮ್ಲ, ಚಿಕ್ಕದಾಗಿ ಟಿಬಾ. ಕಡಿಮೆ ಪ್ರಮಾಣದಲ್ಲಿ ಸಿಂಪಡಿಸಿದರೆ ಮೊಗ್ಗು ಹೆಚ್ಚುತ್ತಿತ್ತು. ಪ್ರಮಾಣ ಏರಿಸಿದರೆ ಎಲೆ ಉದುರುತ್ತಿತ್ತು. ಕಾರಣ ನಿಮಗೆ ಗೊತ್ತಿರುವುದೇ. ಎಲೆಯಿಂದ ತೊಟ್ಟಿನ ಮೂಲಕ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನು ಇಳಿಯುತ್ತಿರುವ ತನಕ ತೊಟ್ಟಿನ ಬುಡ ಗಟ್ಟಿಯಾಗಿರುತ್ತದೆ. ಟಿಬಾ ಆ ಹರಿವನ್ನು ತಡೆಯುತ್ತದೆ, ಬುಡದಲ್ಲಿ ಉದುರುಪದರ ಮೂಡುತ್ತದೆ, ಎಲೆ ಕಳಚುತ್ತದೆ.

ಅಮೆರಿಕದ ಸೇನೆ ವಿಯೆಟ್ನಾಂನಲ್ಲಿ ಸಿಂಪಡಿಸಿದ ಏಜೆಂಟ್ ಆರೆಂಜ್ ಬೇರೆಯೇ ವಸ್ತು. ಅದು 2,4-ಡಿ ಮತ್ತು 2,4,5-ಟಿ ಎಂಬ ಎರಡು ಕಳೆನಾಶಕಗಳ ಬ್ಯುಟೈಲ್ ಎಸ್ಟರುಗಳ ಸಮಪಾಲು ಮಿಶ್ರಣ. ಟಿಬಾ ಆಕ್ಸಿನ್ನಿನ ದಾರಿಗೆ ಅಡ್ಡ ನಿಲ್ಲುತ್ತದೆ. ಇವೆರಡು ತಾವೇ ಆಕ್ಸಿನ್ನಿನಂತೆ ವರ್ತಿಸಿ ಗಿಡವನ್ನು ಹದ್ದುಮೀರಿ ಬೆಳೆಸಿ ಕೊಲ್ಲುತ್ತವೆ. ಆಕ್ಸಿನ್ ಮಾದರಿಯ ರಾಸಾಯನಿಕಗಳನ್ನು ಯುದ್ಧಕ್ಕೆ ಬಳಸಬಹುದೆಂದು ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸೂಚಿಸಿದವರು ಶಿಕಾಗೊ ವಿಶ್ವವಿದ್ಯಾಲಯದ ಇ. ಜೆ. ಕ್ರಾಸ್. ಮೇರಿಲ್ಯಾಂಡಿನಲ್ಲಿದ್ದ ಸೇನೆಯ ಸಂಶೋಧನಾ ಕೇಂದ್ರ ಕ್ಯಾಂಪ್ ಡೆಟ್ರಿಕ್‌ನಲ್ಲಿ ಸಾವಿರದಷ್ಟು ಸಂಯುಕ್ತಗಳ ಪರೀಕ್ಷೆ ನಡೆಯಿತು. ಎಲೆ ಉದುರಿಸುವ ತಮ್ಮ ಪ್ರಯೋಗವನ್ನು ಅಲ್ಲಿಯವರು ಗಮನಿಸಿದ್ದರೆಂದು ಗಾಲ್‌ಸ್ಟನ್‌ಗೆ ಆಮೇಲೆ ತಿಳಿಯಿತು, ಅದು ಅವರನ್ನು ಕಾಡಿತು ಎಂಬುದು ನಿಜ. ಆದರೆ ಅಷ್ಟರಿಂದಲೇ ಅವರನ್ನು "ತಪ್ಪು ಮಾಡಿ ಮರುಗಿದವರು" ಎಂದುಬಿಟ್ಟರೆ, ಅವರು ವರ್ಷಗಟ್ಟಲೆ ಪಟ್ಟು ಹಿಡಿದು ಮಾಡಿದ ಕೆಲಸವೇ ಮರೆಗೆ ಸರಿಯುತ್ತದೆ. ನಮಗೆ ಬೇಸರ ತರುವುದು ಇದು. ಆ ಕೆಲಸದ ಜಾಡು ಸಿಗುವುದು ಕಾಗದಪತ್ರಗಳಲ್ಲಿ.

ಗಾಲ್‌ಸ್ಟನ್ 1955ರಿಂದ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದರು, ಅವರ ಸಂಗ್ರಹವೂ ಅಲ್ಲಿನ ಗ್ರಂಥಾಲಯದ ಹಸ್ತಪ್ರತಿ ವಿಭಾಗದಲ್ಲಿದೆ. ಪ್ರಯಾಣವಿಲ್ಲದೆ ಆರಂಭಿಸಬಹುದು. ಮೊದಲು ಸಂಗ್ರಹದ ಪೆಟ್ಟಿಗೆವಾರು ಯಾದಿಯನ್ನು ಜಾಲತಾಣದಿಂದ ಇಳಿಸಿಕೊಂಡು ಪೂರ್ತಿ ಓದಿಸಿ. "ವಿಯೆಟ್ನಾಂ" ಎಂದಷ್ಟೇ ಹುಡುಕಿದರೆ ಅರ್ಧ ತಪ್ಪಿಹೋಗುತ್ತದೆ. ಪತ್ರಗಳು ಹೆಚ್ಚಾಗಿ ವ್ಯಕ್ತಿಯ ಇಲ್ಲವೇ ಸಂಘದ ಹೆಸರಿನ ಕಡತದಲ್ಲಿ ಕೂತಿರುತ್ತವೆ. ಹೆಸರುಗಳ ಪಟ್ಟಿ ಮೊದಲೇ ಮಾಡಿಕೊಳ್ಳಿ: ಪ್ರಾಣಿಶಾಸ್ತ್ರಜ್ಞ ಇ. ಡಬ್ಲ್ಯು. ಫೈಫರ್, ಅರಣ್ಯಶಾಸ್ತ್ರಜ್ಞ ಆರ್ಥರ್ ವೆಸ್ಟಿಂಗ್, ಜೀವವಿಜ್ಞಾನಿ ಮ್ಯಾಥ್ಯೂ ಮೆಸೆಲ್ಸನ್, ಅಧ್ಯಕ್ಷ ನಿಕ್ಸನ್ನರ ವಿಜ್ಞಾನ ಸಲಹೆಗಾರ ಲೀ ಡುಬ್ರಿಜ್, ಅಮೆರಿಕದ ಸಸ್ಯಕ್ರಿಯಾ ವಿಜ್ಞಾನಿಗಳ ಸಂಘ. ಆಮೇಲೆ ಪೆಟ್ಟಿಗೆ ಮತ್ತು ಕಡತದ ಸಂಖ್ಯೆ ಬರೆದು ಸ್ಕ್ಯಾನ್ ಪ್ರತಿ ಕೇಳಿ. "ಕಳೆನಾಶಕಗಳ ಬಗ್ಗೆ ಇರುವುದೆಲ್ಲ ಕಳಿಸಿ" ಎಂದು ಬರೆದರೆ ಕೆಲಸ ಮುಂದೆ ಸಾಗುವುದಿಲ್ಲ. ವಿದ್ಯಾರ್ಥಿಗಳ ಅಂಕ, ಶಿಫಾರಸು ಪತ್ರಗಳಿರುವ ಕಡತಗಳನ್ನು ಇಂಥ ಸಂಗ್ರಹಗಳಲ್ಲಿ ದೀರ್ಘಕಾಲ ಮುಚ್ಚಿಡುವುದು ವಾಡಿಕೆ, ಅವನ್ನು ಕೇಳಬೇಡಿ.

ಸ್ಕ್ಯಾನ್ ಬಂದ ಮೇಲೆ ಪ್ರತಿ ಹಾಳೆ ಯಾವ ಜಾತಿಯದು ಎಂದು ಗುರುತಿಸಿ. ಹೋದ ಪತ್ರ ಕಾರ್ಬನ್ ಪ್ರತಿಯಾಗಿ ಉಳಿದಿರುತ್ತದೆ: ಈರುಳ್ಳಿ ಸಿಪ್ಪೆಯಂಥ ತೆಳು ಹಾಳೆ, ಅಂಚು ಮಸುಕಾದ ಅಕ್ಷರ, ಮೇಲೆ ಮುದ್ರಿತ ತಲೆಬರಹವಿಲ್ಲ, ಸಾಮಾನ್ಯವಾಗಿ ಸಹಿಯೂ ಇಲ್ಲ. ಸಹಿ ಇಲ್ಲವೆಂದು ಅದನ್ನು ಕರಡು ಎನ್ನಬೇಡಿ. ಕರಡಿನಲ್ಲಿ ಕೈಬರಹದ ತಿದ್ದುಪಡಿ ಇರುತ್ತದೆ. ಕಳಿಸಿದ ಪತ್ರದ ಕೆಳಗೆ ಎಡಕ್ಕೆ ಬರೆದವರ ಮತ್ತು ಟೈಪಿಸ್ಟ್‌ನ ಮೊದಲಕ್ಷರಗಳು, ಪ್ರತಿ ಯಾರಿಗೆ ಹೋಯಿತೆಂಬ ಪಟ್ಟಿ ಇರುತ್ತವೆ. ಆ ಪಟ್ಟಿಯೇ ಚಿನ್ನ, ಯಾರು ಯಾರ ಜೊತೆಗಿದ್ದರು ಎಂದು ಹೇಳುವುದು ಅದೇ. ಹಾಗಿದ್ದರೂ ಪತ್ರ ನಿಜವಾಗಿ ತಲುಪಿತೇ ಎನ್ನುವುದು ಎದುರಿನವರ ಸಂಗ್ರಹದಲ್ಲಿ ಮೂಲಪ್ರತಿ ಸಿಕ್ಕಾಗಲೇ ಖಚಿತ. ಫೈಫರ್ ಅವರ ಕಾಗದಗಳು ಮಿಸೂಲಾದ ಮೊಂಟಾನಾ ವಿಶ್ವವಿದ್ಯಾಲಯದಲ್ಲಿವೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ.

ಪ್ರತಿ ಚಿತ್ರದ ಹೆಸರಿನಲ್ಲಿ ಪೆಟ್ಟಿಗೆ, ಕಡತ, ಹಾಳೆಯ ಕ್ರಮ ಇರಲೇಬೇಕು. ನಾಲ್ಕು ತಿಂಗಳ ಬಳಿಕ ಹೆಸರಿಲ್ಲದ ಇನ್ನೂರು ಚಿತ್ರ ಮುಂದಿಟ್ಟುಕೊಂಡರೆ ಉಲ್ಲೇಖಕ್ಕೆ ಒಂದೂ ಬಾರದು.

ನಮ್ಮವರು ಎಡವುವ ಜಾಗ ಎರಡು. ಮೊದಲನೆಯದು ದಿನಾಂಕ: 4/5/70 ಅಮೆರಿಕದ ಕಾಗದದಲ್ಲಿ ಏಪ್ರಿಲ್ 5, ಮೇ 4 ಅಲ್ಲ. ಏಜೆಂಟ್ ಆರೆಂಜ್ ಬಳಕೆ ತಡೆಹಿಡಿದದ್ದು 1970ರ ಏಪ್ರಿಲ್ 15ರಂದು. ಒಂದು ತಿಂಗಳು ಹಿಂದುಮುಂದಾದರೆ ಪತ್ರ ಆದೇಶಕ್ಕೆ ಮುಂಚಿನದೋ ನಂತರದ್ದೋ ಎಂಬುದೇ ತಿರುಗುಮುರುಗಾಗುತ್ತದೆ. ಇನ್ನೊಂದು ಗ್ಯಾಲನ್: ಅಮೆರಿಕದ್ದು 3.785 ಲೀಟರ್, ಬ್ರಿಟಿಷರದ್ದು 4.546. ತಪ್ಪು ಗ್ಯಾಲನ್ ಹಿಡಿದರೆ ಲೆಕ್ಕ ನೂರಕ್ಕೆ 20ರಷ್ಟು ಉಬ್ಬುತ್ತದೆ. ಸೇನೆಯ ರೂಢಿಯ ಪ್ರಮಾಣ ಎಕರೆಗೆ 3 ಗ್ಯಾಲನ್, ಅಂದರೆ ಹೆಕ್ಟೇರಿಗೆ ಸುಮಾರು 28 ಲೀಟರ್. ಆರೆಂಜ್‌ನಲ್ಲಿ ಗ್ಯಾಲನ್ನಿಗೆ ಸುಮಾರು 8.6 ಪೌಂಡ್ ಸಕ್ರಿಯ ಆಮ್ಲವಿತ್ತು. ಹೆಕ್ಟೇರಿಗೆ 29 ಕಿಲೊ ಆಸುಪಾಸು ಬೀಳುತ್ತಿತ್ತು.

ಇವೆರಡಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಆಮೇಲೆ ತಿಳಿದದ್ದನ್ನು ಹಿಂದಿನ ಪತ್ರದಲ್ಲಿ ಹುಡುಕಬಾರದು. 1966ರಲ್ಲಿ ಗಾಲ್‌ಸ್ಟನ್ ಮತ್ತು ಕೆಲವು ಸಸ್ಯಕ್ರಿಯಾ ವಿಜ್ಞಾನಿಗಳು ಅಧ್ಯಕ್ಷ ಜಾನ್ಸನ್‌ಗೆ ಪತ್ರ ಬರೆದರು. ಉತ್ತರ ಬಂದದ್ದು ವಿದೇಶಾಂಗ ಇಲಾಖೆಯ ಅಧಿಕಾರಿಯಿಂದ. ಆಗಿನ ವಾದ ಪರಿಸರದ್ದು, ಬೆಳೆ ನಾಶವಾದರೆ ಮೊದಲು ಹಸಿಯುವವರು ಮಕ್ಕಳು, ಮುದುಕರು ಎಂಬುದು. 2,4,5-ಟಿಯೊಳಗೆ ಕಲಬೆರಕೆಯಾಗಿ ಸೇರಿರುತ್ತಿದ್ದ ಡಯಾಕ್ಸಿನ್ ಎಂಬ ವಿಷ ಆ ಚರ್ಚೆಯಲ್ಲಿ ಇನ್ನೂ ಬಂದಿರಲಿಲ್ಲ. 2,4,5-ಟಿ ಕೊಟ್ಟ ಇಲಿಗಳ ಮರಿಗಳಲ್ಲಿ ಜನ್ಮವೈಕಲ್ಯ ಕಂಡ ಬಯೊನೆಟಿಕ್ಸ್ ಪ್ರಯೋಗಾಲಯದ ವರದಿ ಹೊರಬಿದ್ದದ್ದು 1969ರಲ್ಲಿ. ಆ ಮಾದರಿಯಲ್ಲಿ ಟಿಸಿಡಿಡಿ ಎಂಬ ಡಯಾಕ್ಸಿನ್ ಹತ್ತು ಲಕ್ಷಕ್ಕೆ 27 ಭಾಗದಷ್ಟಿತ್ತೆಂದು ಗೊತ್ತಾಗಿ, ದೋಷ 2,4,5-ಟಿಯದೋ ಕಲಬೆರಕೆಯದೋ ಎಂಬ ವಾದ ಎದ್ದದ್ದು ಅದಾದ ಮೇಲೆ. ಅಂದರೆ ಅತಿ ಬಲವಾದ ಪುರಾವೆ ಕೈಗೆ ಬರುವ ಮೂರು ವರ್ಷ ಮೊದಲೇ ಇವರು ಎದ್ದು ನಿಂತಿದ್ದರು. ಈ ಅಂತರ ಪ್ರಬಂಧದಲ್ಲಿ ಎದ್ದು ಕಾಣಲಿ.

ಕಬ್ಬಿನ ಪ್ರಶ್ನೆ. 2,4-ಡಿ ಆರೆಂಜ್‌ನ ಅರ್ಧ ಭಾಗ, ಹೌದು. ಟಿಸಿಡಿಡಿ ಹುಟ್ಟುತ್ತಿದ್ದದ್ದು ಇನ್ನರ್ಧದಲ್ಲಿ: 2,4,5-ಟಿಗೆ ಬೇಕಾದ ಟ್ರೈಕ್ಲೊರೊಫೀನಾಲ್ ತಯಾರಿಸುವಾಗ ಕಾವು ಮಿತಿಮೀರಿದರೆ. 2,4,5-ಟಿಗೆ ಭಾರತದಲ್ಲಿ ನೋಂದಣಿ ನಿರಾಕರಿಸಲಾಗಿದೆ. ನಮ್ಮ ಗದ್ದೆಯಲ್ಲಿ 2,4-ಡಿ ಬೀಳುವುದು ಹೆಕ್ಟೇರಿಗೆ ಒಂದೆರಡು ಕಿಲೊ. ಹಾಗೆಂದು ಹಗುರವಾಗಿ ಕಾಣುವಂತಿಲ್ಲ. ಅದರ ಎಸ್ಟರ್ ರೂಪ ಬಿಸಿಲಿಗೆ ಆವಿಯಾಗಿ ಪಕ್ಕದ ಹತ್ತಿ, ದ್ರಾಕ್ಷಿಯ ಎಲೆಗಳನ್ನು ಮುದುಡಿಸುತ್ತದೆ. ಗಾಳಿ ಬೀಸುವಾಗ, ಬಿಸಿಲೇರಿದ ಮೇಲೆ ಹೊಡೆಯಬಾರದು. ಅದನ್ನು ಸಿಂಪಡಿಸಿದ ಕ್ಯಾನನ್ನು ಬೇರೆ ಬೆಳೆಗೆ ಬಳಸಲೂಬಾರದು.

ವಿದ್ಯಾರ್ಥಿಗಳು 1966ರಿಂದ 1970ರವರೆಗಿನ ಪತ್ರವ್ಯವಹಾರದ ಕಡತಗಳಿಂದ ಶುರುಮಾಡಲಿ. ಸೇನೆಯ ಕಡೆಯ ದಾಖಲೆ ಬೇಕಾದಾಗ ಅಮೆರಿಕದ ಬೆಲ್ಟ್ಸ್‌ವಿಲ್‌ನ ರಾಷ್ಟ್ರೀಯ ಕೃಷಿ ಗ್ರಂಥಾಲಯದಲ್ಲಿರುವ ಆಲ್ವಿನ್ ಯಂಗ್ ಸಂಗ್ರಹ ನೋಡಲಿ. ಅದರ ಬಹಳಷ್ಟು ಭಾಗ ಸ್ಕ್ಯಾನ್ ಆಗಿದೆ. ಯಾದಿಯಲ್ಲಿ ಆರಿಸಿದ ಕಡತಗಳ ಪಟ್ಟಿಯನ್ನು ನಮಗೂ ಕಳಿಸಿ, ಗ್ರಂಥಾಲಯಕ್ಕೆ ಬರೆಯುವ ಮುನ್ನ ಒಟ್ಟಿಗೆ ನೋಡೋಣ.