ಸಿ6 ಕಾರ್ವೆಟ್: ಒಂದರಿಂದ ನೇರ ನಾಲ್ಕನೇ ಗೇರ್‌ಗೆ ಹೋಗುತ್ತಿದ್ದರೆ
ನಿಮ್ಮ ಸಿ6ನಲ್ಲಿ (ಷೆವ್ರೊಲೆ ಕಾರ್ವೆಟ್ ಸ್ಪೋರ್ಟ್ಸ್ ಕಾರಿನ ಆರನೇ ತಲೆಮಾರು) ಒಂದನೇ ಗೇರ್‌ನಿಂದ ಎರಡಕ್ಕೆ ಹಾಕಲು ಹೋದರೆ ಲಿವರ್ ನಾಲ್ಕಕ್ಕೆ ಜಾರುತ್ತಿದೆ ಅಂದಿರಿ. ಗೇರ್‌ಬಾಕ್ಸ್ ಕೆಟ್ಟಿಲ್ಲ, ಅದು ಸ್ಕಿಪ್ ಶಿಫ್ಟ್. ಪೆಟ್ರೋಲ್ ಉಳಿಸಲು ಕಂಪನಿಯೇ ಇಟ್ಟ ಸೊಲೆನಾಯ್ಡ್ (ಕರೆಂಟ್‌ನಿಂದ ಚಲಿಸುವ ಪುಟ್ಟ ಪಿನ್) ಎರಡನೇ ಗೇರಿನ ದಾರಿಗೆ ಅಡ್ಡ ಬರುತ್ತದೆ. ಎಂಜಿನ್ ಬಿಸಿಯಾಗಿದ್ದು, ಆಕ್ಸಿಲರೇಟರ್ ಹಗುರವಾಗಿ ಒತ್ತಿ, ವೇಗ 24ರಿಂದ 31 ಕಿ.ಮೀ. ಇದ್ದಾಗ ಹೀಗಾಗುತ್ತದೆ. ಸಿಲ್ಕ್ ಬೋರ್ಡ್ ಕಡೆ ಯಾವಾಗಲೂ ಅದೇ ವೇಗ ಅಲ್ವಾ, ಅದಕ್ಕೇ ಜಾಸ್ತಿ ಕಾಡುತ್ತಿದೆ.

ಸದ್ಯಕ್ಕೆ ಒಂದರಲ್ಲೇ ಸ್ವಲ್ಪ ಜಾಸ್ತಿ ಎಳೆದು ಎರಡಕ್ಕೆ ಹಾಕಿ. ಪೂರ್ತಿ ತಪ್ಪಿಸಲು ಸ್ಕಿಪ್ ಶಿಫ್ಟ್ ಎಲಿಮಿನೇಟರ್ ತರಿಸಿ, ರೆಸಿಸ್ಟರ್ ಇರುವ ಪುಟ್ಟ ಪ್ಲಗ್ ಅಷ್ಟೇ. ಸೈಲೆನ್ಸರ್ ಪೈಪ್ ಆರಿದ ಮೇಲೆ ಗಾಡಿಯನ್ನು ಲಿಫ್ಟ್‌ಗೆ ಏರಿಸಿ, ಗೇರ್‌ಬಾಕ್ಸ್ ಪಕ್ಕದ ಸೊಲೆನಾಯ್ಡ್ ಕನೆಕ್ಟರ್ ಬಿಚ್ಚಿ, ವೈರಿನ ತುದಿಗೆ ಈ ಪ್ಲಗ್ ಸಿಕ್ಕಿಸಿ. ಸುಮ್ನೆ ಬಿಚ್ಚಿಟ್ಟರೆ ಚೆಕ್ ಎಂಜಿನ್ ದೀಪ ಹತ್ತಬಹುದು. ಮುಂದೆ ಹೋಗುವಾಗ ತಪ್ಪಿ ರಿವರ್ಸ್ ಬೀಳದಂತೆ ತಡೆಯುವ ರಿವರ್ಸ್ ಲಾಕೌಟ್‌ಗೂ ಗೇರ್‌ಬಾಕ್ಸ್‌ನಲ್ಲೇ ಕನೆಕ್ಟರ್ ಇದೆ, ಅದನ್ನು ಮಾತ್ರ ಮುಟ್ಟಬೇಡಿ. ಪ್ಲಗ್ ನಿಮ್ಮ ಮಾಡೆಲ್ ವರ್ಷದ್ದೇ ಅಂತ ನೋಡಿಕೊಂಡು ಆರ್ಡರ್ ಮಾಡಿ.