ಅಣ್ಣಾ, ವಿಂಡೋಸ್ ಬಿಡಿ, ಗಡಿಯಾರದ ಪಕ್ಕ ನೋಡಿ

ಕೈ ಮುಗಿಯುತ್ತೇನೆ ಅಣ್ಣಾ, ಇನ್ನೊಂದು ಸಲ ಫಾರ್ಮ್ಯಾಟ್ ಮಾಡಬೇಡಿ. ನಿಮ್ಮ ಮಿಡಿ ಪ್ಯಾಡ್ (ಬಡಿದರೆ ಕಂಪ್ಯೂಟರಿಗೆ ಸಂಗೀತದ ಸಂಕೇತ ಕಳಿಸುವ ಯುಎಸ್‌ಬಿ ಪ್ಯಾಡ್) ಹೆಸರು ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಬರುತ್ತಿದೆ, ಕ್ರೋಮ್‌ನಲ್ಲಿ ತೆಗೆದ ಸೈಟ್‌ನಲ್ಲಿ ಮಾತ್ರ ಇಲ್ಲ, ಹೋದ ಸಲ ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ನಾಲ್ಕು ದಿನ ಸರಿ ಇತ್ತು ಅಂತ ಬರೆದಿದ್ದೀರಿ. ಹೀಗೆ ಸರಿಯಾದಂತೆ ಕಾಣುವ ದಿನಗಳೇ ನನ್ನನ್ನೂ ಹಾಳು ಮಾಡಿದ್ದು.

ನಿಮ್ಮ ಪ್ರಶ್ನೆಗೆ ಮೂರು ಜನ ಕೇಬಲ್ ಬದಲಿಸಿ ಅಂದಿದ್ದಾರೆ. ಹೆಸರು ಬರುತ್ತಿದೆ ಅಂದ ಮೇಲೆ ಕೇಬಲ್ ಏನು ಮಾಡುತ್ತೆ? ಪ್ಯಾಡಿನ ಲೈಟ್ ಹತ್ತಿ ಹೆಸರೇ ಬರದಿದ್ದರೆ ಕೇಬಲ್ ಮೇಲೆ ಅನುಮಾನ ಪಡಿ. ಪವರ್ ಬ್ಯಾಂಕ್ ಜೊತೆ ಕೊಡುವ ಕೇಬಲ್‌ಗಳಲ್ಲಿ ಎಷ್ಟೋ ಚಾರ್ಜಿಗೆ ಮಾತ್ರ.

ನನ್ನ ಕಥೆ ಕೇಳಿ. ಮಡಿಕೇರಿ, ಜುಲೈ ತಿಂಗಳು, ವಿಂಡೋಸ್ 10. ಪ್ಯಾಡ್ ಕಾಣದೆ ಫಾರ್ಮ್ಯಾಟ್ ಮಾಡಿದೆ. ಅರ್ಧದಲ್ಲಿ ಕರೆಂಟ್ ಹೋಯಿತು, ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆರಿತು, ಮತ್ತೆ ಮೊದಲಿಂದ. ಕೊನೆಗೆ ಸರಿಯಾಯಿತು, ಖುಷಿಪಟ್ಟೆ. ಎರಡು ದಿನಕ್ಕೆ ಮತ್ತೆ ಮಾಯ. ಮತ್ತೆ ಫಾರ್ಮ್ಯಾಟ್, ಮತ್ತೆ ಸರಿ, ಮತ್ತೆ ಮಾಯ. ಮೂರನೇ ಸಲ ಪೆನ್‌ಡ್ರೈವ್ ಚುಚ್ಚುವಾಗ ಪರದೆ ಮೂಲೆಯ ಗಡಿಯಾರದ ಪಕ್ಕದ ಸಣ್ಣ ಬಾಣ ಒತ್ತಿದೆ. ಪ್ಯಾಡ್ ಕಂಪನಿಯದೇ ಎಡಿಟರ್, ಪ್ಯಾಡಿನ ಸೆಟ್ಟಿಂಗ್ ಬದಲಿಸುವ ಪ್ರೋಗ್ರಾಂ, ಅಲ್ಲಿ ಸುಮ್ನೆ ಕೂತಿತ್ತು! ಫಾರ್ಮ್ಯಾಟ್ ಆದ ಮೇಲೆ ನಾನೇ ಪ್ರತಿ ಸಲ ಅದನ್ನು ಹಾಕಿಕೊಳ್ಳುತ್ತಿದ್ದೆ. ವಿಂಡೋಸ್‌ನ ಹಳೇ ಮಿಡಿ ವ್ಯವಸ್ಥೆಯಲ್ಲಿ ಬಹುಪಾಲು ಡ್ರೈವರ್‌ಗಳು (ಸಾಧನವನ್ನು ವಿಂಡೋಸ್‌ಗೆ ಜೋಡಿಸುವ ತಂತ್ರಾಂಶ) ಒಂದು ಪೋರ್ಟನ್ನು, ಅಂದರೆ ಪ್ಯಾಡಿನ ಸಂಕೇತ ಬರುವ ದಾರಿಯನ್ನು, ಒಂದೇ ಪ್ರೋಗ್ರಾಮಿಗೆ ಕೊಡುತ್ತವೆ. ಮೊದಲು ಹಿಡಿದವನದ್ದೇ ಪೋರ್ಟು, ಎಡಿಟರ್ ಹಿಡಿದರೆ ಕ್ರೋಮ್‌ಗೆ ಇಲ್ಲ.

ಹಾಗಾಗಿ ನನ್ನ ಕ್ರಮ ಹೀಗೆ. ಎಡಿಟರ್, ಡಿಎಡಬ್ಲ್ಯೂ (ಹಾಡು ರೆಕಾರ್ಡ್ ಮಾಡುವ ಪ್ರೋಗ್ರಾಂ), ಎಡ್ಜ್ ಬ್ರೌಸರ್, ಎಲ್ಲಾ ಮುಚ್ಚಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಕ್ರೋಮ್ ಪೂರ್ತಿ ಸಾಯಿಸಿ, ಕಿಟಕಿ ಮುಚ್ಚಿದರೂ ಅದು ಹಿಂದೆ ಓಡುತ್ತಿರಬಹುದು. ಪ್ಯಾಡ್ ಕಿತ್ತು ಚುಚ್ಚಿ, ಯುಎಸ್‌ಬಿ ಹಬ್‌ಗೆ ಬೇಡ, ಲ್ಯಾಪ್‌ಟಾಪಿಗೇ. ಆಮೇಲೆ ಕ್ರೋಮ್ ತೆಗೆಯಿರಿ. ಎಡಿಟರ್ ಸ್ಟಾರ್ಟ್‌ಅಪ್‌ನಲ್ಲಿದ್ದರೆ ಆಫ್ ಮಾಡಿ, ಇಲ್ಲದಿದ್ದರೆ ನಾಳೆ ಮತ್ತೆ ಇದೇ ಗೋಳು.

ಆದರೂ ಬರದಿದ್ದರೆ ಅನುಮತಿ ನೋಡಿ. 2024ರ ಕ್ರೋಮ್ 124ರಿಂದ ಯಾವ ಮಿಡಿ ಬಳಕೆಗೂ ಕೇಳುತ್ತದೆ, ನಾವು ಗಡಿಬಿಡಿಯಲ್ಲಿ ಬ್ಲಾಕ್ ಒತ್ತಿರುತ್ತೇವೆ. ವಿಳಾಸದ ಎಡಗಡೆ ಐಕಾನ್ ಒತ್ತಿ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿ, ಪುಟ ರಿಫ್ರೆಶ್ ಮಾಡಿ. ಎಚ್‌ಟಿಟಿಪಿಎಸ್ ಇಲ್ಲದ ಸೈಟ್‌ನಲ್ಲಿ ಕೇಳುವುದೂ ಇಲ್ಲ. ಫೈರ್‌ಫಾಕ್ಸ್ ಆದರೆ 108 ಅಥವಾ ಮೇಲಿನದು ಬೇಕು. ಆಪಲ್‌ನ ಸಫಾರಿ ಬ್ರೌಸರ್‌ನಲ್ಲಿ ಮಿಡಿ ಸೌಲಭ್ಯ ಇಲ್ಲವೇ ಇಲ್ಲ. ಐಪ್ಯಾಡ್‌ನಲ್ಲಿ ಕ್ರೋಮ್ ಹಾಕಿದೆ ಅನ್ನುವವರಿಗೂ ಅದೇ ಉತ್ತರ, ನಮ್ಮಲ್ಲಿ ಸಿಗುವ ಐಪ್ಯಾಡ್ ಕ್ರೋಮ್‌ನ ಒಳಗಿರುವುದು ಆಪಲ್‌ನ ಎಂಜಿನ್ನೇ.

ಡ್ರೈವರ್ ಹುಡುಕುತ್ತಾ ಅಲೆಯಬೇಡಿ. ಅಕಾಯ್ ಎಂಪಿಕೆ ಮಿನಿ ತರದವಕ್ಕೆ ಡ್ರೈವರ್ ಬೇಡ, ಅದಕ್ಕೇ ನನಗೆ ಇಷ್ಟ. ಯಮಹಾದ ಹಳೇ ಕೀಬೋರ್ಡ್ ಕೆಲವಕ್ಕೆ ಮಾತ್ರ ಅವರದೇ ಡ್ರೈವರ್ ಬೇಕು. ದುಂಡಗಿನ ಐದು ಪಿನ್ನಿನ ಕೇಬಲ್ ಇರುವವರು ಕೀಬೋರ್ಡಿನ ಔಟ್‌ನಿಂದ, ಕಂಪ್ಯೂಟರಿಗೆ ಜೋಡಿಸುವ ಮಿಡಿ ಇಂಟರ್‌ಫೇಸಿನ ಇನ್‌ಗೆ ಕೊಡಿ. ಕೇಬಲ್ ಮೇಲೆ ಬರೆದದ್ದು ನಂಬಬೇಡಿ, ಸಂಶಯ ಇದ್ದರೆ ಅದಲು ಬದಲು ಮಾಡಿ ನೋಡಿ.

ಇನ್ನೊಂದು, ಹುತ್ತರಿ ಹಬ್ಬಕ್ಕೆ ಪ್ಯಾಡಿನಲ್ಲಿ ದುಡಿ ವಾದ್ಯದ ಸ್ಯಾಂಪಲ್ (ರೆಕಾರ್ಡ್ ಮಾಡಿದ ಸದ್ದು) ಬಾರಿಸುತ್ತೇನೆ ಅಂದಿರಲ್ಲ, ಬ್ಲೂಟೂತ್ ಸ್ಪೀಕರ್ ಬೇಡ. ಪ್ಯಾಡ್ ಬಡಿದು ಒಂದು ಗಳಿಗೆ ಆದ ಮೇಲೆ ಸದ್ದು ಬಂದರೆ ಕುಣಿಯುವವರ ಹೆಜ್ಜೆ ತಪ್ಪುತ್ತೆ, ಬೈಗುಳ ನಿಮಗೇ. ವೈರ್ ಹಾಕಿ. ಮತ್ತೆ ನಮ್ಮ ಮಳೆಗೆ ಯುಎಸ್‌ಬಿ ಪಿನ್ನಿಗೆ ಕಿಲುಬು ಹಿಡಿಯುತ್ತೆ, ನಾನು ಪ್ಯಾಡನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಸ್ಕೆಟ್ ಡಬ್ಬದಲ್ಲಿ ಇಡುತ್ತೇನೆ. ಗುಡುಗು ಶುರುವಾದರೆ ಚಾರ್ಜರ್ ಕೀಳಿ.

ಗಡಿಯಾರದ ಪಕ್ಕ ಏನು ಕೂತಿದೆ ಅಂತ ಫೋಟೋ ಹಾಕಿ. ಮೊಬೈಲಲ್ಲಿ ತೆಗೆದ ಸ್ಕ್ರೀನ್ ಫೋಟೋ ಆದರೂ ಪರವಾಗಿಲ್ಲ.