ಓದುಗರ ಪ್ರಶ್ನೆ: ಮೊಬೈಲಿಗೆ ಬರುವ ಕಾಫಿ ಮಾಹಿತಿಯಲ್ಲಿ ಯಾವುದನ್ನು ನಂಬಬೇಕು?

ಪ್ರಶ್ನೆ: ಸೋಮವಾರಪೇಟೆಯ ಕಡೆ ನಮಗೊಂದು ಸಣ್ಣ ಕಾಫಿ ತೋಟವಿದೆ, ಹೆಚ್ಚಿನ ಭಾಗ ಅರೇಬಿಕಾ, ಉಳಿದದ್ದು ರೊಬಸ್ಟಾ. ತಂದೆಯವರಿಗೆ ವಯಸ್ಸಾಗಿರುವುದರಿಂದ ಬೆಂಗಳೂರಿನ ನೌಕರಿಯ ಜೊತೆಗೆ ತೋಟವನ್ನೂ ನಾನೇ ನೋಡಿಕೊಳ್ಳುತ್ತಿದ್ದೇನೆ. ಹಲವು ವಾಟ್ಸ್‌ಆ್ಯಪ್ ಗುಂಪುಗಳಲ್ಲಿದ್ದೇನೆ, ಯೂಟ್ಯೂಬ್ ವಿಡಿಯೊಗಳನ್ನೂ ನೋಡುತ್ತೇನೆ. ಒಂದೇ ದಿನ ರೊಬಸ್ಟಾ ಚೆರಿಗೆ ಮೂರು ಬಗೆಯ ದರ ಕಾಣಿಸುತ್ತದೆ. ಗಿಡದ ಕಾಂಡ ತಿನ್ನುವ ಕಾಂಡಕೊರಕ ದುಂಬಿಗೆ ಒಬ್ಬೊಬ್ಬರು ಒಂದೊಂದು ಔಷಧ ಹೇಳುತ್ತಾರೆ. ಯಾರ ಮಾತನ್ನು ನಂಬಲಿ?
– ಓರ್ವ ಬೆಳೆಗಾರ, ಸೋಮವಾರಪೇಟೆ

ಉತ್ತರ: ದರದಿಂದಲೇ ಆರಂಭಿಸೋಣ. ನೀವು ಕಂಡ ಮೂರೂ ದರಗಳು ನಿಜವೇ ಇರಬಹುದು; ಆದರೆ ಅವು ಒಂದೇ ಸರಕಿನ ದರಗಳಾಗಿರಲಾರವು. ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ ಇಷ್ಟು ಸೆಂಟ್ ಎಂದೂ ಲಂಡನ್ನಿನಲ್ಲಿ ರೊಬಸ್ಟಾ ಟನ್ನಿಗೆ ಇಷ್ಟು ಡಾಲರ್ ಎಂದೂ ನಡೆಯುವುದು ಮುಂದೆ ಕೊಡುವ ಸರಕಿಗೆ ಈಗಲೇ ದರ ಕಟ್ಟುವ ಮುಂಗಡ ವಹಿವಾಟು, ಅದೂ ಸಿಪ್ಪೆ ತೆಗೆದು ಸಿದ್ಧಪಡಿಸಿದ ಬೀಜಕ್ಕೆ. ನಿಮ್ಮ ಕಣದಲ್ಲಿ ಒಣಗುವುದು ಸಿಪ್ಪೆಸಹಿತವಾದ ಚೆರಿ, ಮತ್ತು ಅದಕ್ಕೆ ನಮ್ಮಲ್ಲಿ 50 ಕೆ.ಜಿ. ಚೀಲದ ಲೆಕ್ಕದಲ್ಲಿ ದರ ಹೇಳುತ್ತಾರೆ. ಇದರ ಮೇಲೆ ಔಟ್‌ಟರ್ನ್ ಲೆಕ್ಕವೊಂದು ಬೇರೆ ಇದೆ. ಒಂದು ಚೀಲ ಚೆರಿಯಿಂದ ಎಷ್ಟು ಕೆ.ಜಿ. ಬೀಜ ಬರುತ್ತದೆಯೋ ಅದೇ ಔಟ್‌ಟರ್ನ್; ಅದಕ್ಕೆ ಕೆ.ಜಿ. ಬೀಜದ ದರವನ್ನು ಗುಣಿಸುವ ಪದ್ಧತಿಯಲ್ಲಿ, ದರ 400 ರೂಪಾಯಿ ಎಂದಿಟ್ಟುಕೊಂಡರೆ, 26 ಔಟ್‌ಟರ್ನ್ ಬಂದವರಿಗೆ ಚೀಲಕ್ಕೆ 10,400 ರೂಪಾಯಿ ಸಿಗುತ್ತದೆ, 28 ಬಂದವರಿಗೆ 11,200. ಹೀಗಾಗಿ ಔಟ್‌ಟರ್ನ್, ತೇವಾಂಶ, ಊರು ಮತ್ತು ದಿನಾಂಕ ಇಲ್ಲದ ದರದ ಸಂದೇಶವನ್ನು ನೋಡಿ ಮಾರುವ ತೀರ್ಮಾನ ಮಾಡಬೇಡಿ. ಕಾಫಿ ಮಂಡಳಿ ಪ್ರಕಟಿಸುವ ಮಾರುಕಟ್ಟೆ ಮಾಹಿತಿಯಲ್ಲಿ ಅಂತಾರಾಷ್ಟ್ರೀಯ ದರವೂ ಕರ್ನಾಟಕದ ಕಚ್ಚಾ ಕಾಫಿಯ ದರವೂ ಬೇರೆಬೇರೆಯಾಗಿ ಇರುತ್ತವೆ. ಅದನ್ನು ಅಳತೆಗೋಲಾಗಿ ಇಟ್ಟುಕೊಂಡು, ಅನಂತರ ನಿಮ್ಮ ಊರಿನ ಇಬ್ಬರು ವ್ಯಾಪಾರಿಗಳನ್ನಾದರೂ ವಿಚಾರಿಸಿ.

ಕಾಂಡಕೊರಕದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಇಲ್ಲಿ ಹಳೆಯ ಸಲಹೆಗಳು ಹೊಸ ಸಲಹೆಗಳ ವೇಷದಲ್ಲಿ ಸುತ್ತುತ್ತಿರುತ್ತವೆ. ಒಂದು ಕಾಲಕ್ಕೆ ಇದಕ್ಕೆ ಲಿಂಡೇನ್ ಎಂಬ ಕೀಟನಾಶಕ ಬಳಸುವಂತೆ ಶಿಫಾರಸು ಇತ್ತು. ಕೇಂದ್ರ ಸರ್ಕಾರ 2011ರಲ್ಲಿ ಅದರ ತಯಾರಿಕೆಯನ್ನೂ 2013ರಲ್ಲಿ ಬಳಕೆಯನ್ನೂ ನಿಷೇಧಿಸಿತು. ಆದರೂ ಹಳೆಯ ಕೈಪಿಡಿಯ ಪುಟವೊಂದರ ಚಿತ್ರ ದಿನಾಂಕವಿಲ್ಲದೆ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿದ್ದರೆ, ಅದನ್ನು ಕಳಿಸಿದವರ ಉದ್ದೇಶ ಒಳ್ಳೆಯದೇ ಇದ್ದರೂ ಓದಿದವರು ದಾರಿ ತಪ್ಪುತ್ತಾರೆ. ಹೊರದೇಶದ ವಿಡಿಯೊಗಳದ್ದು ಬೇರೆಯೇ ತೊಡಕು. ಬ್ರೆಜಿಲ್‌ನ ತೋಟಗಳು ಬಹುಪಾಲು ನೆರಳಿಲ್ಲದ ಬಯಲು ತೋಟಗಳು. ಅಲ್ಲಿನ ಇಳುವರಿಯನ್ನು ಕಂಡು ಮನಸೋತು ಅರೇಬಿಕಾ ತೋಟದ ಮರಗಳನ್ನು ಬೋಳಿಸಿದರೆ ಕಾಂಡಕೊರಕಕ್ಕೆ ನೀವೇ ಕರೆ ಕಳಿಸಿದಂತಾಗುತ್ತದೆ, ಏಕೆಂದರೆ ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುವುದೆಂದರೆ ಆ ದುಂಬಿಗೆ ಬಲು ಇಷ್ಟ. ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ಅದರ ಹಾರಾಟದ ಕಾಲ. ಅದಕ್ಕೆ ಮುಂಚೆಯೇ ಎಲೆ ಹಳದಿಯಾಗಿ, ಕಾಂಡದ ಮೇಲೆ ಉಬ್ಬುಗೆರೆ ಎದ್ದಿರುವ ಗಿಡಗಳನ್ನು ಹುಡುಕಿ ಕಿತ್ತು ಸುಡುವುದು, ಉಳಿದ ಗಿಡಗಳ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯುವುದು, ನೆರಳನ್ನು ಕಾಪಾಡಿಕೊಳ್ಳುವುದು: ಯಾವ ಔಷಧ ಬಳಸಿದರೂ ಈ ಕೆಲಸಗಳು ತಪ್ಪುವುದಿಲ್ಲ. ಔಷಧದ ಹೆಸರು ಮತ್ತು ಪ್ರಮಾಣವನ್ನು ಮಾತ್ರ 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಿಂದಲೋ ನಿಮಗೆ ಹತ್ತಿರವಾಗುವ ಚೆಟ್ಟಳ್ಳಿಯ ಉಪಕೇಂದ್ರದಿಂದಲೋ ಕಾಫಿ ಮಂಡಳಿಯ ಸಂಪರ್ಕಾಧಿಕಾರಿಗಳಿಂದಲೋ ಕೇಳಿ ತಿಳಿಯಿರಿ.

ಹಾಗೆಂದು ಗುಂಪುಗಳಿಂದ ಹೊರಬರಬೇಕಾಗಿಲ್ಲ. ಪಕ್ಕದ ಹೋಬಳಿಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು, ಹಣ್ಣು ಕೊಯ್ಯಲು ಆಳುಗಳು ಸಿಗುತ್ತಾರೆಯೇ ಎಂಬುದನ್ನು ಯಾವ ಸಂಶೋಧನಾ ಸಂಸ್ಥೆಯೂ ಗುಂಪಿನವರಷ್ಟು ಬೇಗ ಹೇಳಲಾರದು. ಸಲಹೆ ಕೊಡುವವರು ತಮ್ಮ ತೋಟ ಎಲ್ಲಿದೆ, ಯಾವ ತಳಿ, ಎಷ್ಟು ನೆರಳು ಎಂಬುದನ್ನು ಹೇಳುತ್ತಾರೆಯೇ ಎಂದು ಗಮನಿಸಿ. ಅದೇ ಬಾಯಲ್ಲಿ ಗೊಬ್ಬರದ ಡಬ್ಬಿಯನ್ನೂ ಮಾರುವವರಿದ್ದರೆ ಅವರ ಮಾತಿಗೆ ಮಾರಾಟಗಾರರ ಮಾತಿನಷ್ಟೇ ಬೆಲೆ ಕೊಡಿ. ತಪ್ಪನ್ನು ಎತ್ತಿ ತೋರಿಸಿದವರನ್ನು ಹೊರಹಾಕುವ ಗುಂಪಿನಲ್ಲಿ ಇದ್ದೂ ಪ್ರಯೋಜನವಿಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಕಾಫಿಪುಡಿ ತರಿಸುತ್ತೇವೆ. ‘ಅಪ್ಪಟ ಫಿಲ್ಟರ್ ಕಾಫಿ’ ಎಂಬ ವರ್ಣನೆಯನ್ನು ನಂಬಬಹುದೇ?
– ಓರ್ವ ಗೃಹಿಣಿ, ದಾವಣಗೆರೆ

ಉತ್ತರ: ವರ್ಣನೆಯನ್ನು ಬಿಟ್ಟು ಪೊಟ್ಟಣದ ಹಿಂಬದಿಯನ್ನು ಓದಿ. ಚಿಕೋರಿ ಗಿಡದ ಬೇರಿನ ಪುಡಿ ಬೆರೆಸಿದ ಕಾಫಿಪುಡಿಯಲ್ಲಿ ಕಾಫಿ ತೂಕದಲ್ಲಿ ಕನಿಷ್ಠ ಶೇ. 51 ಇರಬೇಕು, ಎರಡರ ಪ್ರಮಾಣವನ್ನೂ ಮುದ್ರಿಸಬೇಕು ಎಂಬುದು ನಮ್ಮ ಆಹಾರ ಸುರಕ್ಷತಾ ನಿಯಮ. ಚಿಕೋರಿ ಇರುವುದು ತಪ್ಪಲ್ಲ, ನಮ್ಮಲ್ಲಿ ಅನೇಕರಿಗೆ ಆ ಕಹಿಯೇ ಬೇಕು, ಮುಚ್ಚಿಡುವುದು ತಪ್ಪು. ಅನುಮಾನವಿದ್ದರೆ ಒಂದು ಲೋಟ ತಣ್ಣೀರಿನ ಮೇಲೆ ಪುಡಿಯನ್ನು ಉದುರಿಸಿ: ಕಾಫಿ ತೇಲುತ್ತದೆ, ಚಿಕೋರಿ ಕಂದುಬಣ್ಣದ ಎಳೆ ಬಿಡುತ್ತಾ ಕೆಳಗಿಳಿಯುತ್ತದೆ. ಬೆರಕೆಯಿದೆ ಎಂಬುದು ಇದರಿಂದ ತಿಳಿಯುತ್ತದೆಯೇ ಹೊರತು ಎಷ್ಟಿದೆ ಎಂಬುದು ತಿಳಿಯುವುದಿಲ್ಲ. ಪೊಟ್ಟಣ ಕಟ್ಟಿದ ದಿನಾಂಕವನ್ನಷ್ಟೇ ಹಾಕಿದ್ದರೆ, ಬೀಜ ಹುರಿದದ್ದು ಯಾವಾಗ ಎಂದು ಮಾರುವವರಿಗೆ ಒಂದು ಸಂದೇಶ ಕಳಿಸಿ ಕೇಳಿ.